ಹುಣಸೆಹಣ್ಣು ಹಾಕಿ ತೊಳೆದ ರೇಜರು

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದಾಗ ಏಳುವ ಹುಳಿ ವಾಸನೆ ನಿಮಗೂ ಗೊತ್ತಿರುತ್ತದೆ. ಹಬ್ಬದ ಹಿಂದಿನ ದಿನ ದೀಪ, ಚೊಂಬು, ಗಂಟೆಗಳನ್ನೆಲ್ಲ ರಾಶಿ ಹಾಕಿಕೊಂಡು ಹಿತ್ತಿಲಲ್ಲಿ ಕೂತರೆ ಬೆರಳ ಸಂದಿಗೆ ಹತ್ತಿ ಎರಡು ದಿನವಾದರೂ ಹೋಗದ ವಾಸನೆ ಅದು. ಉಳಿದವರಿಗೆ ಅದು ಹಬ್ಬದ ವಾಸನೆ, ನಾನು ಮಾತ್ರ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತೇನೆ. ನನ್ನ ಮನೆಯಲ್ಲಿ ಹಿತ್ತಾಳೆಯ ಸಾಮಾನು ಒಂದೂ ಇಲ್ಲ, ದೀಪ ಕೂಡ ಸ್ಟೀಲಿನದು. ಕೇಳಿದವರಿಗೆ ತಿಕ್ಕಲು ಸೋಮಾರಿತನ ಎಂದು ಹೇಳಿ ನಗುತ್ತೇನೆ. ನಿಜ ಹೇಳಬೇಕೆಂದರೆ ತೊಂಬತ್ತರ ದಶಕದ ಕುಂಬಾರಕೊಪ್ಪಲಿಗೆ, ಈಗ ಇಲ್ಲದ ನಮ್ಮ ಹೆಂಚಿನ ಮನೆಗೆ ಹೋಗಬೇಕಾಗುತ್ತದೆ.

ಆ ಮನೆಯಲ್ಲಿ ಅಜ್ಜಿ, ಮದುವೆಯೇ ಆಗದ ದೊಡ್ಡಪ್ಪ, ಅಮ್ಮ ಮತ್ತು ನಾನು ಇದ್ದೆವು. ಅಪ್ಪ ನನಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಿದ್ದ. ದೊಡ್ಡಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನಿಗೊಂದು ಹುಚ್ಚಿತ್ತು. ಊರಿಗೆ ಊರೇ ಬಳಸಿ ಬಿಸಾಡುವ ಪ್ಲಾಸ್ಟಿಕ್ ರೇಜರಿಗೆ ಬದಲಾಗುತ್ತಿದ್ದ ಕಾಲದಲ್ಲಿ ಇವನು ಭಾನುವಾರವಾದರೆ ಸಾಕು, ಗುಜರಿ ಅಂಗಡಿಗಳಿಗೆ ಹೋಗಿ ಹಳೇ ಕಾಲದ, ಬ್ಲೇಡು ಇಟ್ಟು ತಿರುಪು ಬಿಗಿಯುವ ರೇಜರುಗಳನ್ನು ಆರಿಸಿ ತರುತ್ತಿದ್ದ. ತುಕ್ಕು ಹಿಡಿದು ಬಿಚ್ಚಲು ಬಾರದ್ದನ್ನು ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದ. ಹಳೇ ಟೂತ್‌ಬ್ರಷ್ಷಿನಿಂದ ಬಾಚಣಿಗೆಯಂಥ ಹಲ್ಲುಗಳ ಸಂದಿಯನ್ನು ಉಜ್ಜುತ್ತಿದ್ದ. ಹಿತ್ತಾಳೆಯಾದರೆ ಹುಣಸೆಹಣ್ಣು, ಬೆಳ್ಳಗಿನ ಮೆರುಗು ಉಳಿದಿದ್ದರೆ ನುಣ್ಣನೆ ವಿಭೂತಿಪುಡಿ. ಅದನ್ನು ಕಂಡರೆ ಅಜ್ಜಿಗೆ ಮೈಯೆಲ್ಲ ಉರಿ. "ಈಬೂತಿ ಅಣೆಗಿಕ್ಕೋದು ಕಣೋ, ಕಂಡೋರ ಗಡ್ಡದ ಮಿಷಿನ್ಗಲ್ಲ. ಸತ್ತೋರ್ದೋ ಬದುಕಿರೋರ್ದೋ, ತಂದು ತಂದು ಗುಡ್ಡೆ ಆಕ್ತೀಯಲ್ಲ!" ಎಂದು ಬೈಯುತ್ತಿದ್ದಳು. ದೊಡ್ಡಪ್ಪ ನಗುತ್ತಲೇ ಉಜ್ಜುತ್ತಿದ್ದ.

ತೊಳೆಯುವ ಮುಂಚೆ ರೇಜರನ್ನು ಬಿಚ್ಚಿ ನನಗೆ ತೋರಿಸುವುದು ಅವನ ಪದ್ಧತಿ. ಒಳಗೆ ಯಾರದೋ ಒಣಗಿದ ಸೋಪು, ಅದರಲ್ಲಿ ಅಂಟಿಕೊಂಡ ಕೂದಲಿನ ಚೂರು. "ನೋಡು ಮಗಾ, ಇವನ್ಗೆ ಅರ್ಧ ನರೆ ಬಂದ್ಬುಟ್ಟಿತ್ತು," ಎನ್ನುತ್ತಿದ್ದ. ಇನ್ನೊಂದನ್ನು ತಿರುಗಿಸಿ, ಹಿಡಿ ಸವೆದಿದ್ದ ಕಡೆ ಬೆರಳಾಡಿಸಿ, "ಇವನು ಎಡಚ ಕಣವ್ವ," ಎನ್ನುತ್ತಿದ್ದ. ಆಮೇಲೆ ಚೊಂಬು ನೀರು ಹುಯ್ದರೆ ಆ ಅಪರಿಚಿತ ಮನುಷ್ಯ ಬಚ್ಚಲ ಮೋರಿ ಸೇರುತ್ತಿದ್ದ. ನನಗೆ ಅದೊಂದು ಆಟವಾಗಿತ್ತು. ಹಾಗೆ ಹೊಳಪು ಬಂದ ಐವತ್ತು ಅರವತ್ತು ರೇಜರುಗಳು ಬಿಸ್ಕತ್ತಿನ ಡಬ್ಬಗಳಲ್ಲಿ ಇದ್ದವು. ಆಯುಧಪೂಜೆಯ ದಿನ ಮಾತ್ರ ಅವು ಹೊರಗೆ ಬಂದು ಸುತ್ತಿಗೆ, ಸ್ಪಾನರುಗಳ ಪಕ್ಕದಲ್ಲಿ ಕುಂಕುಮ ಇಡಿಸಿಕೊಂಡು ಹಲಗೆಯ ಮೇಲೆ ಸಾಲಾಗಿ ಮಲಗುತ್ತಿದ್ದವು.

ಅಪ್ಪನ ರೇಜರು ಆ ಸಾಲಿನಲ್ಲಿರಲಿಲ್ಲ. ಅದು ಅಮ್ಮನ ಟ್ರಂಕಿನ ತಳದಲ್ಲಿ, ಅಪ್ಪನ ಕರವಸ್ತ್ರದಲ್ಲಿ ಸುತ್ತಿಟ್ಟ ಹಾಗೇ ಇರುತ್ತಿತ್ತು. ಒಮ್ಮೊಮ್ಮೆ ಮಧ್ಯಾಹ್ನ ಅಮ್ಮ ಅದನ್ನು ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿರುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ನನ್ನ ಕಣ್ಣಿಗೆ ಕಂಡದ್ದು ಅದರ ಕೊಳಕು ಮಾತ್ರ. ಯಾರು ಯಾರದೋ ಅಪ್ಪಂದಿರ ರೇಜರುಗಳೆಲ್ಲ ಥಳಥಳ ಹೊಳೆಯುವಾಗ ನನ್ನ ಅಪ್ಪನದು ಕಿಲುಬು ಹಿಡಿದು ಕತ್ತಲಲ್ಲಿ ಬಿದ್ದಿದೆಯಲ್ಲ ಎಂದು ನನಗೆ ಅವಮಾನವಾಗುತ್ತಿತ್ತು. ಆ ವರ್ಷ ನನಗೆ ಒಂಬತ್ತು ತುಂಬಿತ್ತು. ಆಯುಧಪೂಜೆಯ ಬೆಳಿಗ್ಗೆ ಅಮ್ಮ ಹೂವು, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋದಳು. ದೊಡ್ಡಪ್ಪ ಸೈಕಲ್ ಒರೆಸುತ್ತಿದ್ದ. ನಾನು ಟ್ರಂಕು ತೆಗೆದೆ.

ಕಲಿತ ವಿದ್ಯೆಯನ್ನೆಲ್ಲ ಅಪ್ಪನಿಗಾಗಿ ಸುರಿದೆ. ಸೀಮೆಎಣ್ಣೆ ಬಿಟ್ಟು ತಿರುಪು ಸಡಿಲಿಸಿದೆ, ಬ್ಲೇಡು ಎತ್ತಿ ಎಸೆದೆ, ಬ್ರಷ್ಷಿನಿಂದ ಒಂದೊಂದೇ ಹಲ್ಲನ್ನು ಉಜ್ಜಿದೆ. ಹುಣಸೆಹಣ್ಣು ಸೋಕಿದ್ದೇ ತಡ, ಹಿತ್ತಾಳೆ ಬಂಗಾರದಂತೆ ಎದ್ದಿತು. ಒಣಗಿದ ಸೋಪು, ಕೂದಲಿನ ಚೂರು ಎಲ್ಲ ಸೇರಿದ ಬೂದುಬಣ್ಣದ ನೀರು ಮೋರಿಗೆ ಹರಿದುಹೋಯಿತು. ಹಲಗೆಯ ಮೇಲೆ ಎಲ್ಲಕ್ಕಿಂತ ಮುಂದೆ ಅದನ್ನಿಟ್ಟು, ದೊಡ್ಡ ಕುಂಕುಮದ ಬೊಟ್ಟಿಟ್ಟು ದೊಡ್ಡಪ್ಪನನ್ನು ಕೂಗಿದೆ. ಶಹಬ್ಬಾಸ್ ಎನ್ನುತ್ತಾನೆಂದುಕೊಂಡಿದ್ದೆ. ಅವನು ನೋಡಿದವನೇ ತಣ್ಣಗಾಗಿಬಿಟ್ಟ.

"ಒಳಗಿದ್ದುದ್ದೆಲ್ಲ ಏನ್ಮಾಡ್ದೆ ಮಗಾ?"

"ತೊಳ್ದೆ."

ನನ್ನ ದೊಡ್ಡಪ್ಪ, ಆರಡಿ ಆಳು, ಬಚ್ಚಲಿಗೆ ಓಡಿ ಮೋರಿಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಬೆರಳಿನಿಂದ ತಡಕಾಡತೊಡಗಿದ. ಹುಣಸೆನಾರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಅಮ್ಮ ಹೂವಿನ ಪೊಟ್ಟಣ ಹಿಡಿದು ಬಂದಳು. ಹಲಗೆ ನೋಡಿದಳು. ದೊಡ್ಡಪ್ಪ ಒದ್ದೆ ಕೈಯಲ್ಲೇ ಎದ್ದು ನಿಂತು, ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಕಣಮ್ಮ ತೊಳ್ದಿದ್ದು. ಗ್ಯಾನ ಇರ್ಲಿಲ್ಲ," ಎಂದ. ಅಮ್ಮ ಅಳಲಿಲ್ಲ, ಕೂಗಾಡಲೂ ಇಲ್ಲ. ರೇಜರನ್ನು ಎತ್ತಿ ಮೂಸಿ ನೋಡಿ, "ಅವರ ಮೈಯಿಂದು ಅಂತ ಉಳ್ದಿದ್ದು ಅಷ್ಟೇ ಭಾವ. ನಿಮ್ಗೆ ಎಲ್ಲಾ ರಿಪೇರಿನೂ ಬರ್ತದಲ್ಲ, ಇದನ್ನ ಮೊದ್ಲಿದ್ದಂಗೆ ಮಾಡ್ಕೊಡಿ," ಎಂದಳು. ದೊಡ್ಡಪ್ಪ ಒದ್ದೆ ಬೆರಳುಗಳನ್ನು ಲುಂಗಿಗೆ ಒರೆಸಿಕೊಂಡ. ನಾನು ಬಾಯಿ ಬಿಡಲಿಲ್ಲ.

ಅಂದಿನಿಂದ ಅಮ್ಮ ಅವನ ತಟ್ಟೆಗೆ ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಆಡಲಿಲ್ಲ. ದೊಡ್ಡಪ್ಪ ಒಂದು ಭಾನುವಾರ ಬಿಸ್ಕತ್ತಿನ ಡಬ್ಬಗಳನ್ನೆಲ್ಲ ಸೈಕಲ್ಲಿಗೆ ಕಟ್ಟಿ, ತಂದಲ್ಲಿಗೇ ಕೊಟ್ಟು ಬಂದ. ಆಮೇಲೆ ಅವನೂ ಪ್ಲಾಸ್ಟಿಕ್ ರೇಜರನ್ನೇ ಬಳಸಿದ. "ನಾನು ಹೇಳ್ಬಿಡ್ತೀನಿ ದೊಡ್ಡಪ್ಪ," ಎಂದು ನಾನು ಎರಡು ಮೂರು ಸಲ ಅತ್ತಿದ್ದುಂಟು. "ಸುಮ್ಕಿರು. ಅವಳಿಗೆ ಇರೋಳು ನೀನೊಬ್ಳೇ ಕಣವ್ವ," ಎಂದು ಬಾಯಿ ಮುಚ್ಚಿಸಿದ. ಎರಡು ಸಾವಿರದ ನಂತರದ ವರ್ಷಗಳಲ್ಲಿ ಮೊದಲು ಅಜ್ಜಿ, ಆಮೇಲೆ ಅವನು ಹೋದರು. ಅವನ ಹೆಣದ ಮುಂದೆಯೂ ಅಮ್ಮ ಗೋಡೆ ನೋಡುತ್ತ ಕೂತಿದ್ದಳು. ಆಗಲಾದರೂ ಹೇಳಬೇಕಿತ್ತು. ನನಗೆ ಹೆದರಿಕೆಯಾಯಿತು, ಅಷ್ಟೇ. ಹೇಡಿತನಕ್ಕೆ ಬೇರೆ ಹೆಸರಿಟ್ಟು ಈಗ ಏನು ಪ್ರಯೋಜನ? ಮನೆ ಮಾರಿ ನಾವು ರಾಮಕೃಷ್ಣನಗರದ ಬಾಡಿಗೆ ಮನೆಗೆ ಬಂದೆವು. ಅಲ್ಲೇ ಅಮ್ಮನೂ ಹೋದಳು, ಏನೂ ತಿಳಿಯದೆ.

ಹನ್ನೊಂದರ ಕಾರ್ಯ ಮುಗಿದ ಮೇಲೆ ಅವಳ ಟ್ರಂಕು ತೆಗೆದೆ. ತಳದಲ್ಲಿ ಅದೇ ಕರವಸ್ತ್ರವಿತ್ತು. ಜೊತೆಗೆ ಗಡ್ಡ ಹೆರೆಯುವ ಸೋಪಿನ ಒಂದು ಕಡ್ಡಿ, ಅಪ್ಪ ಬಳಸುತ್ತಿದ್ದ ಕಂಪನಿಯದೇ, ಅರ್ಧ ಸವೆದದ್ದು. ಅಪ್ಪ ಸತ್ತು ಹದಿನೈದು ವರ್ಷದ ಮೇಲಾಗಿದ್ದರೂ ಸೋಪಿನ ಘಮ ಹೊಸದಾಗಿತ್ತು. ರೇಜರು ಮಂಕಾಗಿತ್ತು. ಅದರ ಹಲ್ಲುಗಳ ತುಂಬ ನೊರೆ ಹಚ್ಚಿ ಒಣಗಿಸಿ, ಮತ್ತೆ ಹಚ್ಚಿ ಒಣಗಿಸಿದ ಸೋಪು, ಪದರ ಪದರವಾಗಿ ಕೂತಿತ್ತು. ದೊಡ್ಡಪ್ಪನಿಂದ ಆಗದ ರಿಪೇರಿಯನ್ನು ಅವಳು ಒಬ್ಬಳೇ ಇಷ್ಟು ವರ್ಷ ಮಾಡುತ್ತ ಬಂದಿದ್ದಳು. ನಾನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಸಂದಿಯನ್ನು ಹುಡುಕಿದೆ. ಸೋಪೆಲ್ಲ ಬೆಳ್ಳಗೇ ಇತ್ತು, ಅದರಲ್ಲಿ ಒಂದು ಕೂದಲೂ ಇರಲಿಲ್ಲ.