ಗುಡಿಯ ಅಂಗಳಕ್ಕೆ ಏರಿದ ನೀರು

ಮುಂಬಯಿ ಬಳಿಯ ಕಲ್ಯಾಣದಿಂದ ಮುರಬಾಡಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ಏರು ಹತ್ತಿದರೆ ವಿಠ್ಠಲನ ಒಂದು ಹಳೆಯ ಗುಡಿಯಿದೆ. ವಿಠ್ಠಲವಾಡಿಯ ನಮ್ಮ ಕನ್ನಡ ಭಜನಾ ಮಂಡಳಿ ಪ್ರತಿ ಏಕಾದಶಿಗೂ ಅಲ್ಲಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ನೀರು ಸಿಗದ ಕಾರಣ ಅಭಿಷೇಕದ ನೀರನ್ನೂ ಬಾಟಲಿಗಳಲ್ಲಿ ತುಂಬಿ ಒಯ್ಯುತ್ತಿದ್ದೆವು. ಊರಿನವರು ಗುಡಿಯ ಅಂಗಳವನ್ನು ನಮ್ಮ ಸೇವೆಗೆಂದು ಬಿಟ್ಟುಕೊಟ್ಟಿದ್ದರು. ಬಿಸಿಲಿನಲ್ಲಿ ಕುಳಿತು ಹಾಡುವ ವಯಸ್ಸು ನಮ್ಮದಲ್ಲ. ಅಲ್ಲೊಂದು ಮಂಟಪ ಕಟ್ಟಿಸುವುದಾಗಿ ದೇವರೆದುರು ಸಂಕಲ್ಪ ಮಾಡಿದ್ದೆವು. ಅಕ್ಷತೆ ಹಿಡಿದು ಮಾತು ಕೊಟ್ಟವನು ನಾನು.

ಆ ಊರಿನ ಹೆಂಗಸೊಬ್ಬಳು ನಮ್ಮ ಸ್ಟೇಷನ್ನಿನ ಬಳಿ ಸೊಪ್ಪು ಮಾರುತ್ತಾಳೆ. ಆಕೆಯ ಮನೆ ಗುಡಿಯ ಹಿಂದೆ, ಹೊಲ ಕೆಳಗೆ ಹಳ್ಳದ ದಂಡೆಯಲ್ಲಿ. ಹೋಳಿ ದಾಟಿತೆಂದರೆ ಎರಡಕ್ಕೂ ನೀರಿಲ್ಲ. ಹೋದ ವರ್ಷದ ಚಳಿಗಾಲದಲ್ಲಿ ಮೆಂತ್ಯದ ಕಟ್ಟು ಕೊಡುತ್ತ, ಭಜನೆ ಹಾಡುವವರನ್ನು ಕರೆಯುವ ಹಾಗೆ ನನ್ನನ್ನು ಬುವಾ ಎಂದು ಕರೆದು, ತನ್ನ ಮರಾಠಿಯಲ್ಲಿ ಹೇಳಿದಳು:

“ಬುವಾ, ಹೀಗೇ ಆದರೆ ನಾನು ಶಹಾಡಿನ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರುವುದೇ. ಆಮೇಲೆ ನಿಮ್ಮ ವಿಠ್ಠಲನಿಗೆ ತುಳಸಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸುತ್ತೇನೆ!”

ಊರಿಗೆ ಸರ್ಕಾರದ ಎರಡು ಯೋಜನೆಗಳು ಬಂದಿದ್ದವು. ಒಂದು ಬೇಸಾಯದ ನೀರಿಗೆ, ಇನ್ನೊಂದು ಮನೆಗಳ ನೀರಿಗೆ. ಕೆಳಗಿನವರು ಹೊಲ ಮೊದಲು ಎಂದರು, ಮೇಲಿನವರು ಕೊಡ ಮೊದಲು ಎಂದರು. ಎರಡನ್ನೂ ಕೂಡಿಸಿ, ಹಳ್ಳಕ್ಕೆ ಒಡ್ಡು ಹಾಕಿ ಮಳೆನೀರನ್ನು ನಿಲ್ಲಿಸಿ, ಅದನ್ನು ಎತ್ತರದ ಒಂದೇ ನೀರಿನ ಟಾಕಿಗೆ ಏರಿಸಿದರೆ ಅಲ್ಲಿಂದ ಮನೆಗೂ ಹೊಲಕ್ಕೂ ತಾನಾಗಿ ಇಳಿಯುತ್ತದೆ ಎಂದರು ಇಂಜಿನಿಯರು. ಅಷ್ಟು ಎತ್ತರದಲ್ಲಿ ಊರಿಗೆ ಸೇರಿದ ಜಾಗ ಒಂದೇ: ಗುಡಿಯ ಅಂಗಳ. ಅಲ್ಲಿ ಟಾಕಿ ಎದ್ದರೆ ಮಂಟಪಕ್ಕೆ ಜಾಗವಿಲ್ಲ.

ಗ್ರಾಮಸಭೆಗೆ ನಮ್ಮನ್ನೂ ಕರೆದರು. ನನ್ನೊಡನೆ ಬಂದವರು ಮಂಡಳಿಯ ತಬಲಾದವರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲು ನಡೆಸಿದವರು. “ನೀವು ಬೇಡವೆಂದರೆ ಊರು ಅಂಗಳವನ್ನು ಮುಟ್ಟುವುದಿಲ್ಲ” ಎಂದರು ಸರಪಂಚರು. ಆ ಸೌಜನ್ಯವೇ ನನಗೆ ಭಾರವಾಯಿತು. ದೇವರಿಗೆ ಕೊಟ್ಟ ಮಾತನ್ನು ಬದಲಿಸುವ ಅಧಿಕಾರ ನನಗೆಲ್ಲಿಯದು?

ಹೆಂಗಸರ ಸಾಲಿನಿಂದ ಸೊಪ್ಪಿನವಳು ಎದ್ದಳು. “ಬುವಾ, ಮಂಟಪ ಕಟ್ಟಿ, ಬೇಡ ಅನ್ನುವುದಿಲ್ಲ. ಅದರಲ್ಲಿ ಕೂತು ಭಜನೆ ಕೇಳುವುದಕ್ಕೆ ನಾವು ಊರಲ್ಲಿ ಇರಬೇಕಲ್ಲ!”

ಸಭೆ ನಕ್ಕಿತು. ತಬಲಾದವರು ನನ್ನ ಕಿವಿಯಲ್ಲಿ ಉಸುರಿದರು: “ಅಭಿಷೇಕದ ನೀರನ್ನು ಬಸ್ಸು ಹತ್ತಿಸಿ ತರುವ ಭಕ್ತರು ನಾವು. ಇನ್ನೂ ಎಂತ ಯೋಚನೆ ಮಾರಾಯ್ರೆ?”

ಯಜ್ಞ ಪೂಜೆಗಳನ್ನು ಇಷ್ಟವೆಂದೂ ಕೆರೆ ಬಾವಿಗಳನ್ನು ಪೂರ್ತವೆಂದೂ ಕರೆದ ನಮ್ಮ ಹಿರಿಯರು ಎರಡನ್ನೂ ಕೂಡಿಸಿ ಇಷ್ಟಾಪೂರ್ತವೆಂದರು. ಸಂಸ್ಕೃತ ಪಾಠಶಾಲೆಯಲ್ಲಿ ಕಲಿಸುತ್ತಿದ್ದಾಗ ನಾನು ಎಷ್ಟೋ ಬಾರಿ ಬಿಡಿಸಿ ಹೇಳಿದ ಮಾತದು. ಎದ್ದು ನಿಂತು ಕೈಮುಗಿದೆ; ಅಂಗಳ ಊರಿನದೇ, ಟಾಕಿ ಕಟ್ಟಿರಿ ಎಂದೆ.

ಮನೆಯಲ್ಲಿ ನನ್ನ ಹೆಂಡತಿ ಸುಮ್ಮನೆ ಬಿಡಲಿಲ್ಲ. “ಅಲ್ರೀ, ಅಕ್ಷತಿ ಹಿಡದು ಆಡಿದ ಮಾತು ಏನಾತು?” ಖಾಲಿ ಬಾಟಲಿಗಳನ್ನು ಮೂಲೆಗೆ ಎತ್ತಿಡುತ್ತ ಆಕೆಯೇ ಅಂದಳು: “ಹೋಗ್ಲಿ ಬಿಡ್ರಿ. ಇನ್ನ ಬಾಟ್ಲಿ ತುಂಬೂದರೆ ತಪ್ಪತದ. ಆ ವಿಠ್ಠಲಗ ಎಲ್ಲಾ ತಿಳೀತದ.”

ಟಾಕಿ ಬೇಗ ಏಳಲಿಲ್ಲ. ಆ ಬೇಸಿಗೆ ಸೊಪ್ಪಿನವಳು ಶಹಾಡಿನಲ್ಲಿ ಪ್ಯಾಕಿಂಗಿಗೆ ಹೋದಳು. ಸ್ಟೇಷನ್ನಿನ ಬಳಿ ಆಕೆಯ ಜಾಗ ಖಾಲಿಯಿದ್ದುದನ್ನು ನೋಡುವಾಗಲೆಲ್ಲ ಮನಸ್ಸು ಮುದುಡುತ್ತಿತ್ತು. ಮಳೆಗಾಲಕ್ಕೆ ಭತ್ತದ ನಾಟಿಗೆಂದು ಊರಿಗೆ ಮರಳಿದವಳು ಮತ್ತೆ ಹೋಗಲಿಲ್ಲ; ಚಳಿಗಾಲದ ಹೊತ್ತಿಗೆ ಟಾಕಿ ಎದ್ದು ನಿಂತಿತು.

ಈ ವೈಶಾಖದ ಏಕಾದಶಿಯಂದು ಬರಿಗೈಯಲ್ಲಿ ಬಸ್ಸು ಹತ್ತಿದೆವು. ಗುಡಿಯ ನಲ್ಲಿಯಲ್ಲಿ ಕಲಶ ತುಂಬಿಸಿ ಅಭಿಷೇಕ ಮಾಡಿದೆವು. ಹಳ್ಳದಾಚೆಯ ಕೆಲವು ಹೊಲಗಳಿಗೆ ಪೈಪು ಇನ್ನೂ ಹೋಗಬೇಕು, ಹೋದೀತು. ಟಾಕಿಯ ನೆರಳಿನಲ್ಲಿ ಚಾಪೆ ಹಾಸಿ ಕುಳಿತೆವು. ಬಿಸಿಲು ಸರಿದಂತೆ ನಾವೂ ಸರಿಯಬೇಕು. “ನಮ್ಮ ಮಂಟಪಕ್ಕೆ ಕಾಲುಂಟು ಮಾರಾಯ್ರೆ, ನಡೀತದೆ!” ಎಂದು ತಬಲಾದವರು ನಕ್ಕರು.

ಕೆಳಗಿನ ಹೊಲದಲ್ಲಿ ಹಸಿರು ಮಡಿಗಳ ನಡುವೆ ಬಗ್ಗಿದ್ದ ಸೊಪ್ಪಿನವಳು ತಲೆಯೆತ್ತಿ ಕೂಗಿದಳು:

“ಬುವಾ, ಜೋರಾಗಿ ಹಾಡಿ! ಇಲ್ಲಿಗೆ ಕೇಳುತ್ತಿಲ್ಲ.”