ಸುಟ್ಟದ್ದು ತಿಳಿಯದ ಕೈ

ಇಸ್ತ್ರಿಪೆಟ್ಟಿಗೆ ನನ್ನ ಎಡಗೈಯ ಕಿರುಬೆರಳಿಗೆ ತಾಗಿತ್ತು. ನನಗೆ ಗೊತ್ತಾಗಲಿಲ್ಲ. ಪಕ್ಕದ ಮೆಷಿನಿನಲ್ಲಿದ್ದ ಜುಬೈದಾಗೆ ವಾಸನೆ ಬಂತು. "ಅಕ್ಕ, ನಿಮ್ಮ ಕೈ ನೋಡಿ" ಎಂದಳು. ಚರ್ಮ ಸುಟ್ಟು ಬೆಳ್ಳಗಾಗಿತ್ತು.

ನೋವೇ ಇರಲಿಲ್ಲ.

ಸೀತಾಂಗೋಳಿಯಲ್ಲಿ ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ಹಾಕಿ ಆಗ ಎಂಟು ವರ್ಷ. ಮೊಣಕೈಯ ಕೆಳಗಿದ್ದ ಮಾಸಲು ಮಚ್ಚೆಯನ್ನು ಬಿಸಿಲಿನದೆಂದು ಬಿಟ್ಟಿದ್ದೆ. ಮರುದಿನ ಗಂಡ ಸದಾನಂದರ ಜೊತೆ ಆಸ್ಪತ್ರೆಗೆ ಹೋದೆ. ಡಾಕ್ಟರು ನನಗೆ ಕಣ್ಣು ಮುಚ್ಚಲು ಹೇಳಿ, ಹತ್ತಿ ತಾಗಿದಾಗ ಹೇಳಿ ಎಂದರು. ಕಾದೆ. ಅವರು ಮಚ್ಚೆಯನ್ನು ಮುಟ್ಟಿ ಮುಗಿಸಿದ್ದರು.

ಚರ್ಮ ಕೆರೆದು ತೆಗೆದ ಸ್ಮಿಯರ್ ಟೆಸ್ಟಿನ ರಿಪೋರ್ಟ್ ಬಂದ ದಿನ ನನ್ನನ್ನು ಬೆಂಚಿನಲ್ಲಿ ಕೂರಿಸಿ ಗಂಡನನ್ನು ಒಳಗೆ ಕರೆದರು. ಹೊರಬಂದವರ ಮುಖ ಬಿಳಿಚಿತ್ತು.

"ಎಂತ ಹೇಳಿದ್ರು?"

"ಎಂತದ್ದೂ ಇಲ್ಲ. ಅಲರ್ಜಿ. ಒಂದು ವರ್ಷ ಮಾತ್ರೆ ಉಂಟು."

ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ನಾನೇ ಎದ್ದು ಒಳಗೆ ಹೋದೆ.

"ಡಾಕ್ಟ್ರೇ, ಕೈ ನನ್ನದು. ರೋಗದ ಹೆಸರು ನನಗೆ ಹೇಳಿ."

"ನೀವು ಹೆದರ್ತೀರಿ ಅಂತ..."

"ಹೆದರುವುದಾದ್ರೆ ನಾನೇ ಹೆದರಬೇಕಲ್ಲ."

ಅವರು ಪೆನ್ನು ಕೆಳಗಿಟ್ಟರು. "ಲೆಪ್ರಸಿ. ಮೊದಲು ನಿಮಗೇ ಹೇಳಬೇಕಿತ್ತು, ತಪ್ಪಾಯಿತು."

ಕುಷ್ಠ.

ಹನ್ನೆರಡು ತಿಂಗಳು ಹಲವು ಔಷಧಿ ಸೇರಿದ ಎಂಡಿಟಿ ಮಾತ್ರೆ, ಶುರು ಮಾಡಿದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ, ಹೋದ ಸ್ಪರ್ಶ ಮಾತ್ರ ಮರಳದಿರಬಹುದು ಎಂದರು.

ದಾರಿಯಲ್ಲಿ ಸದಾನಂದರು, "ಯಾರಿಗೂ ಹೇಳುವುದು ಬೇಡ" ಎಂದರು.

"ಊರಿಗೆ ಹೇಳುವುದಿಲ್ಲ. ಜುಬೈದಾಗೆ ಹೇಳ್ತೇನೆ."

ಹೇಳಿದೆ. ಎರಡು ದಿನ ಅವಳು ಅಂಗಡಿಗೆ ಬರಲಿಲ್ಲ. ಮೂರನೆಯ ದಿನ ಬಂದು ಕತ್ತರಿ ಎತ್ತಿಕೊಂಡಳು. "ಮಕ್ಕಳನ್ನೂ ಕರ್ಕೊಂಡು ಹೋಗಿ ಚೆಕ್ ಮಾಡಿಸಿದೆ. ನಮಗೆಂತ ಇಲ್ಲ. ಆ ನೀಲಿ ಬ್ಲೌಸ್ ಇವತ್ತೇ ಕೊಡ್ಲಿಕ್ಕುಂಟು, ಅಕ್ಕ."

ಮಾತ್ರೆಗೆ ಮೈ ಕಪ್ಪಾಯಿತು, ಮೂತ್ರ ಕೆಂಪಾಯಿತು. ಒಂದು ದಿನವೂ ತಪ್ಪಿಸಲಿಲ್ಲ. ಅಲ್ಲಿಯವರೆಗೆ ಕೈ ಎಲ್ಲಿದೆ, ಏನು ಮಾಡುತ್ತಿದೆ ಎಂದು ನಾನು ಯೋಚಿಸಿದ್ದೇ ಇಲ್ಲ. ಬಟ್ಟೆಯ ನವಿರನ್ನು ಬೆರಳೇ ಹೇಳುತ್ತಿತ್ತು. ಈಗ ನನ್ನದೇ ಬೆರಳನ್ನು ಬೇರೆಯವರ ಮಗುವನ್ನು ಕಾಯುವ ಹಾಗೆ ಕಣ್ಣಿಟ್ಟು ಕಾಯಬೇಕಾಯಿತು. ಹೊಲಿಗೆಯನ್ನು ಹೊಸದಾಗಿ ಕಲಿತೆ, ಕಣ್ಣಿನಿಂದ.

ಕೋರ್ಸ್ ಮುಗಿಯಿತು. ಎರಡು ಬೆರಳಿಗೆ ಸ್ಪರ್ಶ ಬರಲಿಲ್ಲ.

ಕಳೆದ ತಿಂಗಳು ಡಾಕ್ಟರು ಫೋನ್ ಮಾಡಿದರು. ಒಬ್ಬ ಕಾಲೇಜು ಹುಡುಗಿಗೆ ಇದೇ ರೋಗ. ಊಟ ಬಿಟ್ಟಿದ್ದಾಳೆ, ನೀವು ಮಾತಾಡ್ತೀರಾ ಎಂದರು.

"ಅವಳನ್ನು ಕೇಳಿದ್ದೀರಾ? ಅವಳು ಒಪ್ಪಿದ್ರೆ ಬರ್ತೇನೆ."

ಎರಡು ದಿನ ಬಿಟ್ಟು, ಒಪ್ಪಿದ್ದಾಳೆ ಎಂದು ತಿಳಿಸಿದರು. ಹೋಗಿ ಅವಳೆದುರು ಕೂತು ಎಡಗೈಯನ್ನು ಮೇಜಿನ ಮೇಲಿಟ್ಟೆ. ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಮುಟ್ಟಬಹುದಾ?"

ಮುಟ್ಟಿದಳು. ಎರಡು ಬೆರಳಿಗೆ ತಿಳಿಯಲಿಲ್ಲ. ಉಳಿದವಕ್ಕೆ ತಿಳಿಯಿತು.