ಹವಾಲ್ದಾರ್ ಮೌಲಾಸಾಬರ ದನಿ

ಎದುರಿಗೆ ಯಾರೇ ಬರಲಿ, ಮೌಲಾಸಾಬರು ಮೊದಲು ಎರಡು ಬೆರಳಿನಿಂದ ಅವರ ಗದ್ದ ಎತ್ತುತ್ತಿದ್ದರು. ಗ್ಯಾಸ್ ಮುಖವಾಡ ಬಿಗಿಯಾಗಿ ಕೂತಿದೆಯೇ ಎಂದು ನೋಡಿ ನೋಡಿ ಅಂಟಿದ ಚಟ. ರಾಮದುರ್ಗದ ಮದುವೆಯೊಂದರಲ್ಲಿ ಮದುಮಗನ ಗದ್ದವನ್ನೂ ಎತ್ತಿ, "ಪಟ್ಟಿ ಸಡ್ಲ ಐತಿ" ಎಂದು ಬಾಸಿಂಗ ಬಿಗಿದು ಬಂದಿದ್ದರು.

ಸೈನ್ಯದಿಂದ ನಿವೃತ್ತರಾದ ಸವದತ್ತಿಯ ಈ ಹವಾಲ್ದಾರರು ಬೈಲಹೊಂಗಲದ ನಮ್ಮ ವಿಷಾನಿಲ ತುರ್ತುಪಡೆಗೆ ಉಸ್ತಾದರು. ನಾನು ಕಷ್ಟಪಟ್ಟು ಬೆಳೆಸಿದ ಕುರುಚಲು ಗಡ್ಡ ಕಂಡು, "ತಮ್ಮಾ, ಇದು ಗ್ಯಾಸ್ ಒಳಗ ಬರಾಕ ನೀ ತಗದಿಟ್ಟ ಬಾಗಲಾ. ಬೋಳಸು" ಎಂದಿದ್ದರು. ನಾನು ಎಲ್ಲರ ದನಿ ಅಣಕಿಸುವವ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೂ ಅನುಮಾನ. ಮೌಲಾಸಾಬರ ದನಿಯಂತೂ ನನ್ನ ಗಂಟಲಲ್ಲೇ ಬಿಡಾರ ಹೂಡಿತ್ತು.

ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಸೋರಿದ ದಿನ ವಾಲ್ವ್ ಮುಚ್ಚಲು ಒಳಗೆ ಹೋದವನು ನಾನು. ವಾಲ್ವಿನ ಚಕ್ರದ ಮೇಲೆ ಕೈ ಮತ್ತೆ ಮತ್ತೆ ಜಾರಿತು. ವೈರ್‌ಲೆಸ್‌ನಲ್ಲಿ ಮೌಲಾಸಾಬರ ದನಿ: "ಮುಂಜಾನಿ ಏನ ತಿಂದೀಯೋ?"

"ರೊಟ್ಟಿ, ಪುಂಡಿಪಲ್ಯಾ ರೀ."

"ಒಬ್ಬಾವನ? ನಾಚಿಕಿ ಬರಂಗಿಲ್ಲ? ಆ ವಾಲ್ವ್ ತಿರುವಿ ಲಗೂನ ಬಾ, ಉಳದದ್ದು ನನಗ ಕೊಡು."

ಸಿಟ್ಟಿಗೆ ಹಿಡಿತ ಬಿಗಿಯಾಯಿತು. ವಾಲ್ವ್ ತಿರುಗಿತು.

"ನಮ್ಮ ಸಾಹೇಬ್ರು ಒಂದಿನ ನಿಮ್ಮನ್ನ ನೋಡಾಕ ಬಂದ ಬರ್ತಾರ" ಎಂಬುದು ಅವರ ನಿತ್ಯದ ಜಪ. ಸಾಹೇಬರೆಂದರೆ, ಮೌಲಾಸಾಬರು ಸೈನ್ಯದಲ್ಲಿ ಯಾರ ಕೈಕೆಳಗೆ ದುಡಿದಿದ್ದರೋ ಆ ಕಿತ್ತೂರು ಕಡೆಯ ಅಧಿಕಾರಿ. ಈಗ ಲೆಫ್ಟಿನೆಂಟ್ ಜನರಲ್. ಆ ಜಪವನ್ನು ಅವರದೇ ದನಿಯಲ್ಲಿ ಮಾಡಿ ನಾನು ಎಲ್ಲರನ್ನೂ ನಗಿಸುತ್ತಿದ್ದೆ.

"ನಗ್ರಿ, ನಗ್ರಿ. ಅವ್ರು ಬಂದಾಗ ನಾನ ಬಾಜೂಕ ನಿಂತು ನಿಮ್ಮ ಕೆಲಸಾ ತೋರಸ್ತೇನಿ" ಎನ್ನುತ್ತಿದ್ದರು.

ಸಾಹೇಬರು ಬಂದೇ ಬಂದರು. ಅಷ್ಟರಲ್ಲಿ ಮೌಲಾಸಾಬರು ಎದೆನೋವಿನಿಂದ ತೀರಿಕೊಂಡು ತಿಂಗಳಾಗಿತ್ತು.

ನಮ್ಮ ಕಸರತ್ತೆಲ್ಲ ನೋಡಿದ ಜನರಲ್ ಕೊನೆಗೆ ಕೇಳಿದರು: "ಮೌಲಾನ ದನಿ ತಗಿಯಾಂವ ಯಾಂವಪಾ? ಫೋನಿನ್ಯಾಗ ಬಾಳ ಹೇಳತಿದ್ದ."

ನಾನು ಮುಂದೆ ಬಂದೆ.

"ಒಂದ್ ಸಲ ಕೇಳಸು."

ಮೌಲಾಸಾಬರು ತೀರಿಕೊಂಡ ಮೇಲೆ ನಾನು ಆ ದನಿ ತೆಗೆದಿರಲಿಲ್ಲ. ಬಾಯಿ ತೆರೆದೆ. ತಡವಾಗಿ ಬಂದವರಿಗೆಲ್ಲ ಮೌಲಾಸಾಬರು ಅನ್ನುತ್ತಿದ್ದ ಮಾತೇ ಹೊರಬಿತ್ತು:

"ತಡಾ ಮಾಡಿದ್ರಿ, ಸಾಹೇಬ್ರ. ಚಾ ಆರಿ ಹೋತು."

ಜನರಲ್ ಟೋಪಿ ತೆಗೆದರು.

"ಹೌದೋ ಮೌಲಾ. ತಪ್ಪಾತು."

ಎಲ್ಲರೂ ನನ್ನ ಬಾಯಿ ನೋಡಿದರು. ಮೌಲಾಸಾಬರ ಮುಂದೆ ನಮ್ಮಲ್ಲಿ ಯಾರೂ, ಎಂದೂ, ತಪ್ಪು ಒಪ್ಪಿಕೊಂಡವರಲ್ಲ. ಹಾಗಾಗಿ ಆ ಮಾತಿಗೆ ಅವರು ಏನನ್ನುತ್ತಿದ್ದರೋ, ನಾನು ಕೇಳಿಯೇ ಇರಲಿಲ್ಲ.